ಬಾಗಿಲ ಬದಿಯ ಜಾಕ್

ಜನವರಿ 11

ಅಣ್ಣನಿಗೆ,

ಕ್ಷೇಮ ವಿಚಾರಿಸಲು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಮೂರು ವರ್ಷದಿಂದ ಮಾತು ಬಿಟ್ಟವಳು ಈಗ ಕಾಗದ ಹಿಡಿದಿದ್ದಾಳೆ ಎಂದರೆ ಕೆಲಸವಿದೆ ಎಂದೇ ಅರ್ಥ. ಫೋನ್ ಮಾಡಬಹುದಿತ್ತು. ಆದರೆ ನಲವತ್ತು ವರ್ಷ ಬಸ್ ಡಿಪೋದಲ್ಲಿ ಜಾಕ್ ರಿಪೇರಿ ಮಾಡಿ ಕಿವಿ ಕಳೆದುಕೊಂಡವನ ಜೊತೆ ಫೋನಿನಲ್ಲಿ ಮಾತಾಡಿದರೆ ನಾನು ಕಿರುಚಿದ್ದು ಇಡೀ ಬೀದಿಗೆ ಕೇಳಿಸುತ್ತದೆ, ನಿನಗೊಬ್ಬನಿಗೆ ಬಿಟ್ಟು.

ವಿಷಯ ಇದು. ಇವರಿಗೆ ಕಿವಿಯೊಳಗೆ ಏನೋ ಕಾಯಿಲೆಯಾಗಿ ಸಮತೋಲ ತಪ್ಪಿ ಒಂದು ವರ್ಷವಾಯಿತು. ನಿಂತರೆ ತಲೆ ಸುತ್ತುತ್ತದೆ. ನೆಲ ಒಂದಿಷ್ಟು ವಾಲಿದ್ದರೆ ಸಾಕು, ಬಿದ್ದೇಬಿಡುತ್ತಾರೆ. ಮೂವತ್ತು ವರ್ಷ ಕಂಡವರ ಮನೆಗೆಲ್ಲ ಟೈಲ್ಸ್ ಹಾಕಿ ನೆಲ ಮಟ್ಟ ಮಾಡಿಕೊಟ್ಟ ಮನುಷ್ಯನಿಗೆ ಬಂದ ಗತಿ ನೋಡು. ಮೂರನೆಯ ಮಹಡಿಯ ಮೆಟ್ಟಿಲು ಹತ್ತಿಳಿಯಲಾಗದೆ ಮನೆ ಬಿಟ್ಟು, ಹಳೆಯ ಮನೆಗಾಡಿಯೊಂದನ್ನು ಕೊಂಡೆ. ಚಿಕ್ಕ ಬಸ್ಸಿನಷ್ಟು ಉದ್ದ. ಒಳಗೆ ಮಂಚ, ಒಲೆ, ಬಚ್ಚಲು ಎಲ್ಲ ಇದೆ. ನಾನು ಕೆಲಸ ಮಾಡುವ ಆಸ್ಪತ್ರೆಯ ಲಾಂಡ್ರಿ ಹಿಂದಿನ ಅಂಗಳದಲ್ಲಿ ನಿಲ್ಲಿಸಿದ್ದೇವೆ. ನೀರು ಹರಿದುಹೋಗಲೆಂದು ಆ ಅಂಗಳವನ್ನು ಇಳಿಜಾರಾಗಿ ಕಟ್ಟಿದ್ದಾರೆ. ಗಾಡಿಯ ನಾಲ್ಕು ಮೂಲೆಗೂ ಒಂದೊಂದು ಹೈಡ್ರಾಲಿಕ್ ಜಾಕ್ ಇದೆ. ಗುಂಡಿ ಒತ್ತಿದರೆ ಕಾಲು ಚಾಚಿ ಗಾಡಿಯನ್ನು ಎತ್ತಿ ಮಟ್ಟಕ್ಕೆ ತರುತ್ತವೆ.

ತರುತ್ತವೆ, ಅಷ್ಟೇ. ಹಿಡಿದುಕೊಳ್ಳುವುದಿಲ್ಲ. ಸಂಜೆ ಮಟ್ಟ ಮಾಡಿದರೆ ಬೆಳಿಗ್ಗೆ ಹೊತ್ತಿಗೆ ಒಂದಲ್ಲ ಒಂದು ಮೂಲೆ ಎರಡು ಬೆರಳು ಕುಸಿದಿರುತ್ತದೆ. ಇವರು ಮಂಚದಿಂದ ಕಾಲಿಡುತ್ತಲೇ ಒಂದು ಕಡೆಗೆ ಜಾರುತ್ತಾರೆ. ಜಾಕುಗಳ ಕೆಳಗೆ ರಟ್ಟು ಹಾಕಿ ನೋಡಿದೆ, ನಾಲ್ಕರ ಕೆಳಗೂ ಎಣ್ಣೆ. ಹಿಂದಿನ ಮಾಲೀಕ ಸೀಟಿನ ಕೆಳಗೆ ಬ್ರೇಕ್ ಎಣ್ಣೆಯ ಡಬ್ಬ ಬಿಟ್ಟುಹೋಗಿದ್ದಾನೆ. ಅದನ್ನೇ ಸುರಿಯುತ್ತಿದ್ದನೋ ಏನೋ. ಇಲ್ಲಿಯ ಮೆಕ್ಯಾನಿಕ್ಕುಗಳಲ್ಲಿ ಇಬ್ಬರು "ಇದು ನಮ್ ಲೈನ್ ಅಲ್ಲಮ್ಮ" ಎಂದರು. ಮೂರನೆಯವನು ಬಗ್ಗಿ ನೋಡಿದ, ಟೀ ಕುಡಿದ, ಹೋದ.

ನನ್ನ ನಾದಿನಿ ಏಪ್ರಿಲ್ ಕೊನೆಯವರೆಗೆ ಗಡುವು ಕೊಟ್ಟಿದ್ದಾಳೆ. ಆಗಲೂ ತನ್ನಣ್ಣ ಬೀಳುತ್ತಿದ್ದರೆ ತನ್ನ ಮನೆಗೆ ಕರೆದುಕೊಂಡು ಹೋಗುತ್ತಾಳಂತೆ. ಅವಳ ಊರು ಇಲ್ಲಿಂದ ಒಂದು ದಿನದ ಪ್ರಯಾಣ. ಇವರೂ ಗೋಡೆ ಕಡೆ ಮುಖ ಮಾಡಿ "ಹೋಗ್ತೀನಿ ಬಿಡು" ಎಂದರು. ಇಪ್ಪತ್ತಾರು ವರ್ಷ ಜೊತೆಗಿದ್ದವರನ್ನು ಗಾಡಿ ಎಣ್ಣೆ ಸೋರುತ್ತದೆ ಎಂದು ಕಳಿಸಿಕೊಡಲೇ? ನನ್ನ ಕೈಲಾಗದು.

ನಿನ್ನ ಶೆಡ್ಡಿನ ನೆಲ ಬಿರುಕು ಬಿಟ್ಟದ್ದು ಇವರ ಗಾರೆಯಿಂದಲೋ, ಅದು ಒಣಗುವ ಮೊದಲೇ ನೀನು ಭಾರದ ಪ್ರೆಸ್ ಮಷಿನ್ನನ್ನು ಅವಸರಕ್ಕೆ ತಂದಿಟ್ಟದ್ದರಿಂದಲೋ, ಆ ಜಗಳವನ್ನು ಸ್ವಲ್ಪ ದಿನ ಪಕ್ಕಕ್ಕಿಡು. ಜಾಕ್ ಹೇಗೆ ಸರಿಮಾಡುವುದು, ಅದನ್ನು ಬರೆ.

ಸಿಟ್ಟು ಹಾಗೇ ಇರುವ,
ನಿನ್ನ ತಂಗಿ


ಜನವರಿ 20

ಪುಟ್ಟಿಗೆ,

ಬ್ರೇಕ್ ಎಣ್ಣೆ ಹಾಕಿದವನು ನನ್ನ ಕೈಗೆ ಸಿಗಬೇಕಿತ್ತು. ಆ ಎಣ್ಣೆ ಜಾಕಿನ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ. ಒಳಗಿನ ಸೀಲ್‌ಗಳು, ಎಣ್ಣೆ ತಡೆಯುವ ರಬ್ಬರ್ ಬಳೆಗಳು, ಸತ್ತಿವೆ. ನಾಲ್ಕಕ್ಕೂ ಹೊಸ ಸೀಲ್ ಪಾರ್ಸೆಲ್ ಮಾಡಿದ್ದೇನೆ, ಸರಿಯಾದ ಎಣ್ಣೆಯ ಹೆಸರು ಚೀಟಿಯಲ್ಲಿದೆ.

ಮೊದಲು ಗಾಡಿಯನ್ನು ಮರದ ದಿಮ್ಮಿಗಳ ಮೇಲೆ ಕೂರಿಸು. ಜಾಕನ್ನು ನಂಬಿ ಗಾಡಿ ಕೆಳಗೆ ತಲೆ ಹಾಕಿದವರನ್ನು ನಾನು ನೋಡಿದ್ದೇನೆ, ಆಮೇಲೆ ನೋಡಿಲ್ಲ. ಟ್ಯಾಂಕು, ಪೈಪುಗಳಿಂದ ಹಳೆಯ ಎಣ್ಣೆಯೆಲ್ಲ ಹೋಗುವವರೆಗೆ ತೊಳೆ. ಜಾಕಿನ ಬಾಯಿಗೆ ಒಂದು ದೊಡ್ಡ ಮುಚ್ಚಳವಿರುತ್ತದೆ. ಅದನ್ನು ತಿರುಗಿಸಿ ಬಿಚ್ಚಿದರೆ ಕಂಬಿ ಹೊರಗೆ ಬರುತ್ತದೆ, ಸೀಲ್ ಕಾಣುತ್ತದೆ. ಸ್ಕ್ರೂಡ್ರೈವರ್ ಹಾಕಿ ಕೆದಕಬೇಡ, ಗೀರು ಬಿದ್ದರೆ ಮುಗಿಯಿತು. ಕಂಬಿಯ ಮೇಲೆ ಉಗುರು ಆಡಿಸಿ ನೋಡು, ಎಲ್ಲೂ ತಡೆಯಬಾರದು. ಹೊಸ ಸೀಲಿಗೆ ಎಣ್ಣೆ ಸವರಿ ಬೆರಳಿನಿಂದಲೇ ಕೂರಿಸು. ಸೀಲಿಗೆ ಒಂದು ಬದಿಯಲ್ಲಿ ತೆಳು ತುಟಿ ಇರುತ್ತದೆ. ತುಟಿ ಕೆಳಮುಖವಾಗಿರಬೇಕು. ಕೆಳಮುಖ. ಮಿಕ್ಕಿದ್ದೆಲ್ಲ ಮರೆತರೂ ಇದನ್ನು ಮರೆಯಬೇಡ.

ನಿನ್ನ ಮನೆಯವರ ಕಾಯಿಲೆ ವಿಷಯ ಓದಿದೆ. ಅವರ ಬಗ್ಗೆ ನಾನು ಏನೂ ಹೇಳುವುದಿಲ್ಲ. ನೆಲದ ಬಗ್ಗೆಯೂ ಹೇಳುವುದಿಲ್ಲ, ಬಿರುಕು ಈಗ ಬಾಗಿಲವರೆಗೆ ಬಂದಿದೆ ಎಂಬುದನ್ನು ಬಿಟ್ಟು.

ಹೇಳಿದಷ್ಟು ಮಾಡು.
ಅಣ್ಣ


ಫೆಬ್ರವರಿ 9

ಅಣ್ಣನಿಗೆ,

ಮೂರು ಭಾನುವಾರ. ಮೂರೂ ಭಾನುವಾರ ಗಾಡಿ ಕೆಳಗೆ ಅಂಗಾತ ಮಲಗಿ ನಾಲ್ಕು ಜಾಕುಗಳ ಬಾಯಿ ಬಿಚ್ಚಿ, ನೀನು ಬರೆದದ್ದನ್ನು ಸಾಲು ಸಾಲಾಗಿ ಓದಿಕೊಂಡು ಮಾಡಿದೆ. ಇವರು ಹೊರಗೆ ಕುರ್ಚಿ ಹಾಕಿಕೊಂಡು ಕೂತು ಸ್ಪ್ಯಾನರ್ ಎತ್ತಿಕೊಟ್ಟರು. ನಂಬರು ಹೇಳುವ ಮೊದಲೇ ಸರಿಯಾದದ್ದು ಕೈಗೆ ಬರುತ್ತಿತ್ತು. ಅಷ್ಟು ಹೊತ್ತಾದರೂ ನಾವಿಬ್ಬರೂ ನಕ್ಕುಕೊಂಡು ಇದ್ದೆವು, ಅದನ್ನೂ ಬರೆದುಬಿಡುತ್ತೇನೆ.

ನಿನ್ನೆ ಗುಂಡಿ ಒತ್ತಿದೆ. ಮೊದಲು ತೊಟ್ಟಿಕ್ಕುತ್ತಿದ್ದದ್ದು ಈಗ ಚಿಮ್ಮಿತು. ನಾಲ್ಕೂ ಕಡೆಯಿಂದ. ಗಾಡಿ ಒಂದು ಅಂಗುಲ ಮೇಲೇಳಲಿಲ್ಲ. ಒಂದು ಡಬ್ಬ ಹೊಸ ಎಣ್ಣೆ ಅಂಗಳದ ಚರಂಡಿಗೆ ಹೋಯಿತು, ಉಳಿದದ್ದು ನನ್ನ ತಲೆಗೂದಲಿಗೆ. ಮೂರು ಸಲ ಸೋಪು ಹಾಕಿದರೂ ಜಿಡ್ಡು ಹೋಗಿಲ್ಲ. ಲಾಂಡ್ರಿಯ ಮೇಲ್ವಿಚಾರಕಿ ನನ್ನನ್ನು ಬಿಳಿ ಬಟ್ಟೆಯ ಹತ್ತಿರ ಬಿಡಲಿಲ್ಲ.

ಎಲ್ಲಿ ತಪ್ಪಾಯಿತು?

ತಂಗಿ


ಫೆಬ್ರವರಿ 15

ಪುಟ್ಟಿಗೆ,

ನಾನು ಕಳಿಸಿದ ಸೀಲ್ ಸರಿಯಿದೆ. ನಾನು ಬರೆದದ್ದು ಸರಿಯಿದೆ. ಡಿಪೋದಲ್ಲಿ ಇದೇ ಕೆಲಸವನ್ನು ಕಣ್ಣು ಮುಚ್ಚಿಕೊಂಡು ಮಾಡಿದ್ದೇನೆ. ಸೋರಿದೆ ಎಂದರೆ ಕೂರಿಸಿದವರು ತುಟಿಯನ್ನು ತಿರುವುಮುರುವು ಹಾಕಿದ್ದಾರೆ ಎಂದೇ ಅರ್ಥ. ನೀನು ಚಿಕ್ಕಂದಿನಿಂದಲೂ ಅರ್ಧ ಕೇಳಿಸಿಕೊಂಡು ಓಡುವವಳು. ಇನ್ನೊಮ್ಮೆ ಓದು.

ಅಣ್ಣ


ಫೆಬ್ರವರಿ 19

ಅಣ್ಣನಿಗೆ,

ಓದಿದೆ. "ತುಟಿ ಕೆಳಮುಖವಾಗಿರಬೇಕು" ಎಂದೇ ಇದೆ. ಎರಡು ಸಲ ಬರೆದಿದ್ದೀಯ. ಗಾಡಿಗೆ ನೇತುಹಾಕಿದ್ದ ಹಾಗೇ ಜಾಕ್ ಇತ್ತು, ನಾನು ನೆಲದ ಮೇಲೆ ಮಲಗಿದ್ದೆ, ತುಟಿ ನನ್ನ ಮೂಗಿಗೆ ನೇರವಾಗಿ, ಕೆಳಮುಖವಾಗಿಯೇ ಇತ್ತು. ನಾಲ್ಕರಲ್ಲೂ. ಬೇಕಾದರೆ ಇವರನ್ನು ಕೇಳು. ಕೇಳಲು ನಿನಗೆ ಬಿಗುಮಾನ ಅಡ್ಡ ಬರುತ್ತದಲ್ಲ, ಬಿಡು.

ನಾನು ಅರ್ಧ ಕೇಳಿಸಿಕೊಳ್ಳುವವಳಲ್ಲ. ನೀನು ಹೇಳಿದ್ದನ್ನು ಪೂರ್ತಿ ಕೇಳಿ ಕೆಟ್ಟವಳು. ಸ್ಕೂಲು ಬಿಡು ಎಂದೆ, ಬಿಟ್ಟೆ. ಲಾಂಡ್ರಿ ಕೆಲಸಕ್ಕೆ ಸೇರು ಎಂದೆ, ಸೇರಿದೆ. ಜೀವನದಲ್ಲಿ ಒಂದೇ ಒಂದು ಸಲ ನಿನ್ನ ಮಾತು ಮೀರಿದ್ದು, ಇವರನ್ನು ಮದುವೆಯಾದಾಗ. ಇವತ್ತಿಗೂ ಸರಿ ಎನ್ನಿಸುವುದು ಅದೊಂದೇ.

ಮೊನ್ನೆ ಬೆಳಿಗ್ಗೆ ಬಿದ್ದು ಇವರ ಮೊಣಕೈ ಸುಲಿದಿದೆ. ರಾತ್ರಿಯೆಲ್ಲ ನನ್ನ ಕೈಯನ್ನೇ ನೋಡಿಕೊಂಡೆ, ಈ ಕೈಗೆ ಒಂದು ರಬ್ಬರಿನ ಬಳೆ ಕೂರಿಸಲೂ ಬರುವುದಿಲ್ಲವೇ ಎಂದು. ಇನ್ನು ನಿನಗೆ ಬರೆಯುವುದಿಲ್ಲ.

ತಂಗಿ


ಮಾರ್ಚ್ 14

ಪುಟ್ಟಿಗೆ,

ನೀನು ಬರೆಯದಿದ್ದರೂ ನಾನು ಬರೆಯಬೇಕು.

ನಿನ್ನ ಕಾಗದ ಬಂದ ದಿನ ಸಿಟ್ಟಿನಲ್ಲಿ ಗುಜರಿಯಿಂದ ಅಂಥದ್ದೇ ಒಂದು ಹಳೆಯ ಜಾಕ್ ತಂದೆ. ನಿನ್ನದೇ ತಪ್ಪು ಎಂದು ಚಿತ್ರ ಬರೆದು ತೋರಿಸೋಣ ಎಂದಿದ್ದೆ. ಬೆಂಚಿನ ಮೇಲಿನ ಕಬ್ಬಿಣದ ಇಕ್ಕಳಕ್ಕೆ, ವೈಸ್‌ಗೆ, ಬಿಗಿದು ಮುಚ್ಚಳ ಬಿಚ್ಚಿದೆ, ಸೀಲ್ ತೆಗೆದುಕೊಂಡೆ, ಕೈ ತಾನಾಗಿಯೇ ತುಟಿಯನ್ನು ಕೆಳಗೆ ಮಾಡಿ ಕೂರಿಸಿತು. ಚಿತ್ರ ಬರೆಯಲು ಹಿಂದೆ ಸರಿದು ನಿಂತೆ. ಆಗ ಕಂಡಿತು.

ನಾವು ಡಿಪೋದಲ್ಲಿ ಜಾಕನ್ನು ವೈಸ್‌ಗೆ ಬಿಗಿಯುವುದೇ ತಲೆಕೆಳಗಾಗಿ. ಬಾಯಿ ಮೇಲೆ ಇದ್ದರೆ ಎಣ್ಣೆ ಚೆಲ್ಲುವುದಿಲ್ಲ, ಕೈಗೂ ಅನುಕೂಲ. ನಲವತ್ತು ವರ್ಷ ತಲೆಕೆಳಗಾದ ಜಾಕನ್ನೇ ನೋಡಿದವನಿಗೆ ಅದೇ ನೆಟ್ಟಗಿದ್ದಂತೆ. ತುಟಿ ಯಾವಾಗಲೂ ಜಾಕಿನ ಒಳಗೆ, ಎಣ್ಣೆಯ ಕಡೆ ಮುಖ ಮಾಡಿರಬೇಕು. ನನ್ನ ಬೆಂಚಿನಲ್ಲಿ ಅದು ಕೆಳಗೆ. ಗಾಡಿ ಕೆಳಗೆ ಮಲಗಿದ ನಿನಗೆ ಅದು ಮೇಲೆ. ನೀನು ನಾನು ಹೇಳಿದಂತೆಯೇ ಮಾಡಿದೆ, ಅದಕ್ಕೇ ಸೋರಿತು.

ತಪ್ಪು ನನ್ನದು. ಇಷ್ಟು ಬರೆಯಲು ಮೂರು ವಾರ ಹಿಡಿಯಿತು, ಅದೂ ನನ್ನದೇ. ಹೊಸ ಸೀಲ್‌ಗಳು ಈ ಕಾಗದದ ಜೊತೆಗಿವೆ. ತುಟಿ ಒಳಗೆ. ಮೇಲೆ, ಕೆಳಗೆ ಎಂಬ ಮಾತೇ ಬೇಡ. ನಿನ್ನ ಕೈಯಲ್ಲಿ ಯಾವ ದೋಷವೂ ಇಲ್ಲ. ಮೊದಲ ಸಲಕ್ಕೇ ನಾಲ್ಕು ಜಾಕ್ ಬಿಚ್ಚಿ ಒಂದು ಗೀರಿಲ್ಲದೆ ಜೋಡಿಸಿದವರು ನಮ್ಮ ಡಿಪೋದಲ್ಲೂ ಇರಲಿಲ್ಲ.

ಅಣ್ಣ


ಏಪ್ರಿಲ್ 2

ಅಣ್ಣನಿಗೆ,

ನಿನ್ನ ಕಾಗದ ಓದಿ ಮೊದಲು ಚೆನ್ನಾಗಿ ಬೈದೆ. ಆಮೇಲೆ ಇವರಿಗೂ ಓದಿ ಹೇಳಿದೆ. "ನಿಮ್ಮಣ್ಣನಾ ಇದನ್ನ ಬರೆದಿದ್ದು? ಅಕ್ಷರ ಅವರದ್ದೇನಾ ನೋಡು" ಎಂದರು.

ಸೀಲ್ ಹಾಕಿದೆ. ನಾಲ್ಕೂ ನಿಂತಿವೆ! ರಟ್ಟಿನ ಮೇಲೆ ಒಂದು ಹನಿ ಇಲ್ಲ. ಒಂದು ಇಡೀ ಭಾನುವಾರ ಗಾಡಿ ಕದಲಲಿಲ್ಲ. ಒಲೆ ಮೇಲಿನ ಪಾತ್ರೆಯಲ್ಲಿ ನೀರು ನೆಟ್ಟಗೆ ನಿಂತದ್ದು ನೋಡಿ ಅಳುವುದೊಂದು ಬಾಕಿ.

ಸೋಮವಾರ ಸಂಜೆ ಕೆಲಸ ಮುಗಿಸಿ ಬಂದೆ. ಬಾಗಿಲ ಬದಿಯ ಮೂಲೆ ಕುಸಿದಿದೆ. ಇವರ ಹಣೆಯಲ್ಲಿ ಬುಗುಟು ಎದ್ದಿದೆ. ಮತ್ತೆ ಎತ್ತಿದೆ. ಮಂಗಳವಾರ ಸಂಜೆ ಮತ್ತೆ ಅದೇ. ರಟ್ಟು ಒಣಗಿಯೇ ಇದೆ. ಬಾಗಿಲ ಪಕ್ಕದ ಬೀರುವಿನಲ್ಲಿ ಪಂಪು, ಎಣ್ಣೆ ಟ್ಯಾಂಕು, ನಾಲ್ಕು ವಾಲ್ವ್ ಇವೆ, ಅಲ್ಲಿ ನೋಡಿದರೆ ಟ್ಯಾಂಕಿನಲ್ಲಿ ಎಣ್ಣೆ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಸಂಜೆಯಿಂದ ಬೆಳಗಿನವರೆಗೆ ಗಟ್ಟಿಯಾಗಿ ನಿಲ್ಲುತ್ತದೆ. ಭಾನುವಾರವಂತೂ ಕದಲಲೇ ಇಲ್ಲ. ನಾನು ಆ ಕಡೆ ಲಾಂಡ್ರಿಗೆ ಹೋದೆನೋ, ಈ ಕಡೆ ಕುಸಿಯುತ್ತದೆ. ಈ ದರಿದ್ರ ಜಾಕಿಗೆ ನನ್ನ ಡ್ಯೂಟಿ ಸಮಯ ಗೊತ್ತಿದೆ!

ನಾದಿನಿ ಇಪ್ಪತ್ತೇಳಕ್ಕೆ ಬರುತ್ತಾಳಂತೆ. ನನಗೆ ಸುಸ್ತಾಗಿದೆ ಅಣ್ಣ. ಇನ್ನೇನು ಬಿಚ್ಚಲಿ ಹೇಳು.

ತಂಗಿ


ಏಪ್ರಿಲ್ 8

ಭಾವನವರಿಗೆ,

ಅಂಚೆಯವನು ಹಗಲು ಬರುತ್ತಾನೆ, ಆಗ ಅವಳು ಲಾಂಡ್ರಿಯಲ್ಲಿರುತ್ತಾಳೆ ಎಂದು ಲೆಕ್ಕ ಹಾಕಿ ಇದನ್ನು ನಿಮ್ಮ ಹೆಸರಿಗೆ ಬರೆದಿದ್ದೇನೆ.

ಎಣ್ಣೆ ಹೊರಗೆ ಬಂದಿಲ್ಲ, ಟ್ಯಾಂಕಿಗೆ ವಾಪಸ್ ಹೋಗಿದೆ. ವಾಲ್ವ್ ಕೆಟ್ಟಿದ್ದರೆ ರಾತ್ರಿಯೂ ಕುಸಿಯಬೇಕು, ಭಾನುವಾರವೂ ಕುಸಿಯಬೇಕು. ಬ್ಯಾಟರಿ ಸತ್ತಾಗ ಕೈಯಿಂದ ಇಳಿಸಲೆಂದು ಪ್ರತಿ ವಾಲ್ವಿಗೂ ಒಂದು ಚಿಕ್ಕ ತಿರುಪು ಇರುತ್ತದೆ. ಬೀರುವಿನ ಮುಂದೆ ಕೂತೇ ಅದನ್ನು ತಿರುಗಿಸಬಹುದು. ಅದು ತಾನಾಗಿ ತಿರುಗುವುದಿಲ್ಲ.

ನಾನು ಜಾಕಿನವನು, ಮನುಷ್ಯರ ವಿಷಯ ನನಗೆ ತಿಳಿಯುವುದು ಕಡಿಮೆ. ಶೆಡ್ಡಿನ ನೆಲದ ಮೇಲೆ ನಾನು ಪ್ರೆಸ್ಸನ್ನು ಎರಡು ದಿನ ಮುಂಚೆ ಇಟ್ಟದ್ದು ನಿಜ, ನಿಮ್ಮ ಗಾರೆಯಲ್ಲಿ ತಪ್ಪಿರಲಿಲ್ಲ. ಇದನ್ನು ಮೂರು ವರ್ಷದ ಹಿಂದೆಯೇ ಹೇಳಬೇಕಿತ್ತು. ಈಗ ನೀವು ಹೇಳಿ. ಯಾಕೆ ಹೀಗೆ ಮಾಡುತ್ತಿದ್ದೀರಿ?

ನಿಮ್ಮ ಹೆಂಡತಿಯ ಅಣ್ಣ


ಏಪ್ರಿಲ್ 14

ಭಾವನವರಿಗೆ ನಮಸ್ಕಾರ.

ಅಕ್ಷರ ಓಲಾಡಿದ್ದರೆ ಕ್ಷಮಿಸಿ. ಬಗ್ಗಿದರೆ ಕಾಗದವೂ ತಿರುಗುತ್ತದೆ.

ನೀವು ತಿಳಿದದ್ದು ಸರಿ. ತಿರುಪು ತಿರುಗಿಸುವವನು ನಾನೇ. ನಾಲ್ಕೂ ಜಾಕ್ ನಿಂತ ಮೇಲಿನ ಸೋಮವಾರ, ಅವಳು ಕೆಲಸಕ್ಕೆ ಹೋದ ಮೇಲೆ, ನೆಲದ ಮೇಲೆ ರಸಮಟ್ಟ ಇಟ್ಟು ನೋಡಿದೆ. ಗುಳ್ಳೆ ಸರಿಯಾಗಿ ನಡುವೆ ನಿಂತಿತ್ತು. ನಾನು ಹಾಕಿದ ಎಷ್ಟೋ ನೆಲ ಅಷ್ಟು ಮಟ್ಟ ಇರಲಿಲ್ಲ. ಭಾನುವಾರವೆಲ್ಲ ಅವಳ ಹೆಗಲು ಹಿಡಿದೇ ಓಡಾಡಿದ್ದೆ, ಈಗ ಖುಷಿಯಾಗಿ ಒಬ್ಬನೇ ಎದ್ದು ನಿಂತೆ. ಐದು ಹೆಜ್ಜೆ ಹಾಕಿದೆ. ಬಿದ್ದೆ. ಒಲೆಯ ಕಟ್ಟೆ ಹಣೆಗೆ ಬಡಿಯಿತು.

ಬಿದ್ದಲ್ಲೇ ಮಲಗಿ ಯೋಚನೆ ಮಾಡಿದೆ. ಸಂಜೆ ಅವಳು ಬಂದು ಹಣೆ ನೋಡಿ ಕೇಳಿದರೆ ಏನು ಹೇಳಲಿ? ನಾಲ್ಕು ತಿಂಗಳು ಅವಳು ಜಾಕಿಗೆ ಬೈದಳು, ನಿಮಗೆ ಬೈದಳು, ಹಿಂದಿನ ಮಾಲೀಕನ ಏಳು ತಲೆಮಾರಿಗೆ ಬೈದಳು. ಬೈಯುವಷ್ಟು ದಿನವೂ ನಾನು ಗುಣವಾಗುತ್ತೇನೆ ಎಂಬ ನಂಬಿಕೆ ಅವಳಿಗಿತ್ತು. ಜಾಕ್ ಸರಿಯಾದರೆ ಕೆಟ್ಟಿರುವುದು ನಾನೊಬ್ಬನೇ ಆಗುತ್ತೇನೆ. ಅದನ್ನು ಅವಳು ನೋಡುವುದು ಬೇಡ ಎನ್ನಿಸಿತು. ತೆವಳಿಕೊಂಡು ಹೋಗಿ ತಿರುಪು ಸಡಿಲಿಸಿದೆ. ಗಾಡಿ ನಿಧಾನವಾಗಿ ವಾಲಿತು. ನಿಜ ಹೇಳುತ್ತೇನೆ, ಎದೆ ಹಗುರವಾಯಿತು.

ನಿಮ್ಮಲ್ಲಿ ಒಂದು ಬೇಡಿಕೆ. ವಾಲ್ವ್ ಕೆಟ್ಟಿದೆ, ಹೊಸದು ಸಿಗುವುದು ತಡ ಎಂದು ಅವಳಿಗೆ ಬರೆಯಿರಿ. ಇಪ್ಪತ್ತೇಳಕ್ಕೆ ನನ್ನ ತಂಗಿ ಬರುತ್ತಾಳೆ, ನಾನು ಹೊರಟುಬಿಡುತ್ತೇನೆ. ಜಾಕಿನ ದೆಸೆಯಿಂದ ಹೋದೆ ಎಂದೇ ಇರಲಿ. ಹಗಲೆಲ್ಲ ಇಸ್ತ್ರಿ ಯಂತ್ರದ ಮುಂದೆ ನಿಂತು ಬಂದವಳು ಸಂಜೆ ನನ್ನನ್ನು ಎತ್ತುವುದನ್ನು ನೋಡಲು ಆಗುತ್ತಿಲ್ಲ.

ನಿಮ್ಮ ತಂಗಿಯ ಗಂಡ


ಏಪ್ರಿಲ್ 19

ಭಾವನವರಿಗೆ,

ಆ ಕಾಗದವನ್ನು ನಾನು ಬರೆಯಲಾರೆ. ಒಂದು ಸಲ ನನ್ನ ತಪ್ಪನ್ನು ಅವಳ ತಲೆಗೆ ಕಟ್ಟಿದೆ, ಅವಳು ಒಂದು ತಿಂಗಳು ತನ್ನ ಕೈಯನ್ನೇ ಅನುಮಾನಿಸಿದಳು. ಈಗ ಮತ್ತೆ ಇಲ್ಲದ ದೋಷ ಹುಡುಕುತ್ತಾ ಆ ಜಾಕನ್ನು ಬಿಚ್ಚುತ್ತಾ ಕೂರುತ್ತಾಳೆ. ನೀವು ಹೋದ ಮೇಲೂ ಬಿಚ್ಚುತ್ತಾಳೆ. ನನ್ನ ತಂಗಿ ನನಗೆ ಗೊತ್ತು.

ನೀವೇ ಹೇಳಿ. ಅವಳು ಬೈಯುತ್ತಾಳೆ. ಬೈಸಿಕೊಳ್ಳಿ.

ನಿಮ್ಮ ಭಾವ


ಏಪ್ರಿಲ್ 28

ಅಣ್ಣನಿಗೆ,

ಶುಕ್ರವಾರ ಸಂಜೆ ಇವರು ಹೇಳಿದರು. ನೀನು ಬರೆದ ಎರಡೂ ಕಾಗದ ಕೈಗಿಟ್ಟರು. ಕೈಯಲ್ಲಿದ್ದ ಟೀ ಲೋಟವನ್ನು ಗೋಡೆಗೆ ಎಸೆದೆ. ಮೂರು ವಾರ, ಅಣ್ಣ! ಮೂರು ವಾರ ಕೆಲಸ ಮುಗಿಸಿ ಬಂದು, ಬಟ್ಟೆ ಕೂಡ ಬದಲಿಸದೆ ಆ ವಾಲ್ವುಗಳ ಮುಂದೆ ಮಂಡಿಯೂರಿ ಕೂತಿದ್ದೇನೆ. ಇವರು ಹಿಂದೆ ಕೂತು ಟಾರ್ಚ್ ಹಿಡಿದಿದ್ದಾರೆ. ನೀವಿಬ್ಬರೂ ನಿಮ್ಮ ಜಗಳ ಬಿಟ್ಟು ಒಂದಾದದ್ದು ನನ್ನಿಂದ ಮುಚ್ಚಿಡುವುದಕ್ಕೇ? ನಿನ್ನನ್ನು ಇನ್ನೂ ಕ್ಷಮಿಸಿಲ್ಲ. ಇವರನ್ನೂ.

ತಿರುಪು ಬಿಗಿದೆ, ಗುಂಡಿ ಒತ್ತಿದೆ, ಗಾಡಿಯನ್ನು ಮಟ್ಟಕ್ಕೆ ತಂದೆ. "ನನ್ ಕಣ್ಣೆದುರಿಗೆ ನಡೀರಿ" ಎಂದೆ. ನಡೆದರು. ಏಳು ಹೆಜ್ಜೆಗೆ ಬಿದ್ದರು. ನಾನು ಹಿಡಿಯಲಿಲ್ಲ, ನೋಡಬೇಕಿತ್ತು. ನೋಡಿದೆ. ಯಾರಿಗೆ ಬೈಯಲಿ? ಜಾಕಿಗೆ ಬೈಯುವ ಹಾಗಿಲ್ಲ. ಇವರ ಪಕ್ಕದಲ್ಲೇ ಆ ಮಟ್ಟವಾದ ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ಗುಣವಾಗುತ್ತಾರೆ ಎಂದು ಎಷ್ಟು ನೆಚ್ಚಿಕೊಂಡಿದ್ದೆ ಎಂಬುದು ಅತ್ತಾಗಲೇ ನನಗೆ ತಿಳಿದದ್ದು.

ನಿನ್ನೆ ನಾದಿನಿ ಬಂದಳು. ನಿಂತುಕೊಂಡೇ ಇವರ ಬಟ್ಟೆ ಚೀಲಕ್ಕೆ ತುಂಬತೊಡಗಿದಳು. "ನೆಲ ಇಷ್ಟು ಮಟ್ಟ ಇದ್ರೂ ಬೀಳ್ತಾನೆ ಅಂದ್ಮೇಲೆ ಇನ್ನೇನು ಅತ್ತಿಗೆ, ನಮ್ಮನೆಗೆ ಕರ್ಕೊಂಡು ಹೋಗ್ತೀನಿ" ಎಂದಳು.

"ನಿಮ್ಮನೆ ನೆಲಾನೂ ಮಟ್ಟವಾಗೇ ಇದೆ ಅಲ್ವಾ?" ಎಂದೆ.

"ಹೂಂ."

"ಹಾಗಾದ್ರೆ ಅಲ್ಲೂ ಬೀಳ್ತಾರೆ. ಬೀಳೋದೇ ಆದ್ರೆ ಇಲ್ಲೇ ಬೀಳ್ಲಿ. ಎತ್ತಿ ಎತ್ತಿ ನನ್ ಕೈಗೆ ಅಭ್ಯಾಸ ಆಗಿದೆ."

ಅವಳು ತನ್ನಣ್ಣನ ಮುಖ ನೋಡಿದಳು. ನಾನು ಚೀಲದಿಂದ ಷರ್ಟುಗಳನ್ನು ಒಂದೊಂದಾಗಿ ತೆಗೆದು ಕಪಾಟಿನಲ್ಲಿ ಮತ್ತೆ ಜೋಡಿಸಿದೆ. ಅವಳು ಸ್ವಲ್ಪ ಮುನಿಸಿಕೊಂಡಳು, ಊಟ ಮಾಡಿದಳು, ಸಂಜೆಯ ಬಸ್ಸಿಗೆ ಹೋದಳು.

ನೀನು ಬರುವ ವಾರ ಬರಬೇಕು. ಮಂಚದಿಂದ ಬಚ್ಚಲವರೆಗೆ ಗೋಡೆಗುಂಟ ಹಿಡಿಕೆ ಕಂಬಿ ಹಾಕಿಸಬೇಕು, ಡ್ರಿಲ್ ತೆಗೆದುಕೊಂಡು ಬಾ. ಇವರು ಅಳತೆ ಹಾಕಿ ಗುರುತು ಮಾಡಿದ್ದಾರೆ. ಎತ್ತರದ ವಿಷಯಕ್ಕೆ ಇಬ್ಬರೂ ಜಗಳವಾಡಬೇಡಿ.

ನಾದಿನಿ ಹೋದ ಮೇಲೆ ಇವರು ಕೇಳಿದರು, "ನಿನಗೆ ಸಾಕಾಗಲ್ವೇನೇ?"

"ಸಾಕಾಗಿದೆ," ಎಂದೆ. "ದಿನಾ ಸಾಕಾಗುತ್ತೆ. ಆದ್ರೂ ಇರಿ."

ತಂಗಿ